ಹಳೆಯ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಸದ್ದು: ಪತ್ತೆಯಿಂದ ದುರಸ್ತಿಯವರೆಗೆ

ತಣ್ಣಗಿರುವ ಎಂಜಿನ್ನನ್ನು ಸ್ಟಾರ್ಟ್ ಮಾಡಿದ ಕೂಡಲೇ ಬಾನೆಟ್ಟಿನ ಒಳಗಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತದೆ. ಆಕ್ಸಿಲರೇಟರ್ ಒತ್ತಿದರೆ ಅದೇ ಸದ್ದು ಜೋರಾಗಿ ಚಟಚಟ ಎನ್ನುತ್ತದೆ. ಹತ್ತು ಹದಿನೈದು ನಿಮಿಷ ಓಡಿದ ಮೇಲೆ ತಗ್ಗುತ್ತದೆ, ಕೆಲವು ಕಾರುಗಳಲ್ಲಿ ಪೂರ್ತಿ ನಿಂತೂ ಹೋಗುತ್ತದೆ. ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಎಕ್ಸಾಸ್ಟ್ ಮ್ಯಾನಿಫೋಲ್ಡನ್ನು, ಅಂದರೆ ಸಿಲಿಂಡರ್‌ಗಳ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರ್ ಕಡೆಗೆ ಒಯ್ಯುವ ಕವಲು ಕೊಳವೆಯನ್ನು.

ಹೆಚ್ಚಿನವರು ಮ್ಯಾನಿಫೋಲ್ಡ್ ಮತ್ತು ಎಂಜಿನ್ನಿನ ನಡುವಿನ ಸಂದು ಮುಚ್ಚುವ ಹಾಳೆಯಾದ ಗ್ಯಾಸ್ಕೆಟ್ಟನ್ನು ಹೊಸದು ತಂದು ಹಾಕಿ ಕೆಲಸ ಮುಗಿಯಿತು ಎಂದುಕೊಳ್ಳುತ್ತಾರೆ. ಕೆಲವೇ ತಿಂಗಳಲ್ಲಿ ಸದ್ದು ಮರಳುತ್ತದೆ. ಗ್ಯಾಸ್ಕೆಟ್ ತನ್ನಷ್ಟಕ್ಕೆ ತಾನೇ ಹಾಳಾಗುವುದು ಕಡಿಮೆ. ಸೊಟ್ಟಗಾದ ಫ್ಲ್ಯಾಂಜ್ (ಎಂಜಿನ್ನಿಗೆ ಒತ್ತಿ ಕೂರುವ ಮ್ಯಾನಿಫೋಲ್ಡಿನ ಚಪ್ಪಟೆ ಅಂಚು), ತುಂಡಾದ ಸ್ಟಡ್ (ಎಂಜಿನ್ನಿಗೆ ತಿರುಗಿಸಿ ಕೂರಿಸಿದ, ಮೇಲೆ ನಟ್ ಹಾಕುವ ತಲೆಯಿಲ್ಲದ ಬೋಲ್ಟ್), ಬಿದ್ದುಹೋದ ಆಧಾರದ ಬ್ರಾಕೆಟ್, ಕುಸಿದ ಎಂಜಿನ್ ಮೌಂಟ್ ಇವುಗಳಲ್ಲಿ ಯಾವುದೋ ಒಂದು ಅದನ್ನು ಹಾಳು ಮಾಡಿರುತ್ತದೆ. ಆ ಒಂದನ್ನು ಹುಡುಕದೆ ಹಾಕಿದ ಗ್ಯಾಸ್ಕೆಟ್ ಹೆಚ್ಚು ದಿನ ಬಾಳುವುದಿಲ್ಲ.

ಮ್ಯಾನಿಫೋಲ್ಡ್ ಏಕೆ ಸೋರುತ್ತದೆ

ಪೆಟ್ರೋಲ್ ಎಂಜಿನ್ನಿನ ಮ್ಯಾನಿಫೋಲ್ಡ್ ಭಾರ ಎಳೆಯುವಾಗ 600ರಿಂದ 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಅದು ಕೂತಿರುವ ಸಿಲಿಂಡರ್ ಹೆಡ್ ಮಾತ್ರ ಕೂಲಂಟ್ ನೀರಿನ ದೆಸೆಯಿಂದ ನೂರು ಡಿಗ್ರಿಯ ಆಸುಪಾಸಿನಲ್ಲೇ ಉಳಿಯುತ್ತದೆ. 40 ಸೆಂಟಿಮೀಟರ್ ಉದ್ದದ ಬೀಡು ಕಬ್ಬಿಣದ ಮ್ಯಾನಿಫೋಲ್ಡಿನ ಬಿಸಿ 500 ಡಿಗ್ರಿ ಏರಿದರೆ ಅದು 2 ಮಿಲಿಮೀಟರಿಗಿಂತ ತುಸು ಹೆಚ್ಚೇ ಉದ್ದವಾಗುತ್ತದೆ. ಅದೇ ಉದ್ದದ ಅಲ್ಯೂಮಿನಿಯಂ ಹೆಡ್ ಬೆಳೆಯುವುದು 1 ಮಿಲಿಮೀಟರಿಗೂ ಕಡಿಮೆ. ಉಳಿದ ಅಂತರವನ್ನು ಗ್ಯಾಸ್ಕೆಟ್ಟಿನ ಮೇಲೆ ಜಾರುತ್ತಾ ಫ್ಲ್ಯಾಂಜ್ ಸರಿದೂಗಿಸಿಕೊಳ್ಳಬೇಕು. ತುದಿಯ ತೂತುಗಳನ್ನು ಸ್ಟಡ್ಡಿಗಿಂತ ದೊಡ್ಡದಾಗಿ, ಎಷ್ಟೋ ವೇಳೆ ಉದ್ದುದ್ದವಾಗಿ ಕೊರೆದಿರುವುದು ಇದಕ್ಕಾಗಿಯೇ.

ಪ್ರತಿ ಸಲ ಎಂಜಿನ್ ಕಾದು ತಣಿದಾಗಲೂ ಈ ಜಾರಾಟ ನಡೆಯುತ್ತದೆ. ವರ್ಷಗಳು ಕಳೆದಂತೆ ತುಕ್ಕು ಕೂತು ಜಾರುವುದು ನಿಲ್ಲುತ್ತದೆ, ಎಳೆತವೆಲ್ಲ ಸ್ಟಡ್ಡಿನ ಮೇಲೆ ಬೀಳುತ್ತದೆ. ಸರಿದಾಟ ಹೆಚ್ಚಿರುವುದು ಎರಡು ತುದಿಗಳಲ್ಲಿ. ಆದ್ದರಿಂದಲೇ ಮೊದಲು ಮುರಿಯುವುದು ತುದಿಯ ಸ್ಟಡ್‌ಗಳು. ಒಂದು ಸ್ಟಡ್ ಹೋದ ಮೇಲೆ ಆ ಮೂಲೆ ಎದ್ದು ನಿಲ್ಲುತ್ತದೆ, ಬಿಸಿ ಹೊಗೆ ಅದೇ ಸಂದಿನಲ್ಲಿ ನುಗ್ಗಿ ಗ್ಯಾಸ್ಕೆಟ್ಟನ್ನು ಸುಡುತ್ತದೆ, ಫ್ಲ್ಯಾಂಜ್ ಇನ್ನಷ್ಟು ಬಾಗುತ್ತದೆ. ಮ್ಯಾನಿಫೋಲ್ಡಿನಿಂದ ಕೆಳಗಿಳಿಯುವ ಡೌನ್‌ಪೈಪನ್ನು ಎಂಜಿನ್ ಬ್ಲಾಕಿಗೋ ಗೇರ್‌ಬಾಕ್ಸಿಗೋ ಕಟ್ಟಿಹಿಡಿಯುವ ಬ್ರಾಕೆಟ್ ಹಿಂದೆ ಯಾವುದೋ ಕೆಲಸದಲ್ಲಿ ಬಿಚ್ಚಿದವರು ಮತ್ತೆ ಹಾಕದೇ ಬಿಟ್ಟಿದ್ದರಂತೂ ಇಡೀ ಪೈಪಿನ ಭಾರ ಮತ್ತು ಅದುರು ಮ್ಯಾನಿಫೋಲ್ಡಿಗೇ ಜೋತುಬೀಳುತ್ತದೆ.

ಬಿಸಿಯಾದ ಮೇಲೆ ಸದ್ದು ತಗ್ಗುವುದೂ ಇದೇ ಹಿಗ್ಗುವಿಕೆಯಿಂದ. ಲೋಹ ಬೆಳೆದು ಸಂದು ತಾತ್ಕಾಲಿಕವಾಗಿ ಮುಚ್ಚಿಕೊಳ್ಳುತ್ತದೆ. ಬಿಸಿಯಾದಾಗ ನಿಲ್ಲುತ್ತದಲ್ಲ ಎಂದು ಸುಮ್ಮನಿರಬಾರದು. ಸೋರುವ ಹೊಗೆಯಲ್ಲಿ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಬಾನೆಟ್ಟಿನ ಒಳಗೆ ಸೇರಿದ ಹೊಗೆಯನ್ನು ಹೀಟರ್ ಅಥವಾ ಏಸಿಯ ಗಾಳಿದಾರಿ ನೇರ ಕ್ಯಾಬಿನ್ನಿಗೆ ಎಳೆದುಕೊಳ್ಳಬಹುದು. ಕಾರಿನಲ್ಲಿ ಕೂತಾಗ ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತಿದ್ದರೆ ದುರಸ್ತಿಯಾಗುವವರೆಗೆ ಆ ಕಾರನ್ನು ಓಡಿಸಬೇಡಿ. ಇಲ್ಲಿ ಹೇಳುವ ಪರೀಕ್ಷೆಗಳಲ್ಲಿ ಎಂಜಿನ್ ಓಡಿಸಬೇಕಾದವನ್ನೆಲ್ಲ ಬಯಲಲ್ಲೇ ಮಾಡಬೇಕು. ಬಾಗಿಲು ತೆರೆದಿಟ್ಟ ಗ್ಯಾರೇಜೂ ಸಾಲದು.

ಸದ್ದು ಮ್ಯಾನಿಫೋಲ್ಡಿನದೇ?

ನಾಲ್ಕು ಸ್ಟ್ರೋಕ್ ಎಂಜಿನ್ನಿನ ಒಂದು ಸಿಲಿಂಡರ್ ಎರಡು ಸುತ್ತಿಗೊಮ್ಮೆ ಹೊಗೆ ಹೊರಹಾಕುತ್ತದೆ. ಐಡ್ಲಿಂಗ್ 800 ಆರ್‌ಪಿಎಂ ಇದ್ದರೆ ನಿಮಿಷಕ್ಕೆ 400 ಸಲ, ಅಂದರೆ ಸೆಕೆಂಡಿಗೆ ಆರೇಳು ಟಿಕ್. ಒಂದೇ ಸಿಲಿಂಡರಿನ ಪೋರ್ಟ್ (ಹೊಗೆ ಹೊರಬರುವ ಬಾಯಿ) ಸೋರುತ್ತಿದ್ದರೆ ಕೇಳಿಸುವುದು ಈ ಲಯ. ತೊಂದರೆಯೆಂದರೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟೂ ಎಂಜಿನ್ನಿನ ಅರ್ಧ ವೇಗದಲ್ಲೇ ತಿರುಗುವುದರಿಂದ ವಾಲ್ವ್ ತಳ್ಳುವ ಟ್ಯಾಪೆಟ್ಟಿನ ಸದ್ದಿನ ಲಯವೂ ಇಷ್ಟೇ ಇರುತ್ತದೆ, ಇಂಧನ ಸಿಂಪಡಿಸುವ ಹೆಚ್ಚಿನ ಇಂಜೆಕ್ಟರ್‌ಗಳದೂ ಇಷ್ಟೇ. ಲಯ ಎಣಿಸಿ ತೀರ್ಮಾನಕ್ಕೆ ಬರಲಾಗದು. ನೋಡಬೇಕಾದದ್ದು ಭಾರಕ್ಕೆ ಸದ್ದು ಹೇಗೆ ಬದಲಾಗುತ್ತದೆ ಎಂಬುದನ್ನು.

ಹೊಗೆ ಸೋರುವ ಸದ್ದು ಎಂಜಿನ್ ಎಳೆತಕ್ಕೆ ತಕ್ಕಂತೆ ಏರುತ್ತದೆ. ಏರು ರಸ್ತೆಯಲ್ಲಿ, ಎತ್ತರದ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಜೋರು, ಕಾಲು ತೆಗೆದ ತಕ್ಷಣ ಮಂದ. ಟ್ಯಾಪೆಟ್ ಸದ್ದಿಗೆ ಭಾರದ ಗೊಡವೆಯಿಲ್ಲ, ಆರ್‌ಪಿಎಂ ಏರಿದಂತೆ ಬರೀ ವೇಗವಾಗುತ್ತದೆ, ಮತ್ತು ಕೇಳಲು ಲೋಹಕ್ಕೆ ಲೋಹ ಬಡಿದಂತೆ ಚುರುಕಾಗಿರುತ್ತದೆ. ಸೋರಿಕೆಯ ಸದ್ದಿನಲ್ಲಿ ಗಾಳಿ ನುಗ್ಗಿದ ಛಾಯೆ ಇರುತ್ತದೆ, ಚಿಟಿಕೆ ಹೊಡೆದಂತಲ್ಲ, ಉಫ್ ಎಂದು ಊದಿದಂತೆ. ಬೇರಿಂಗ್ ಹೋದ ಕನೆಕ್ಟಿಂಗ್ ರಾಡಿನ ಸದ್ದು ಇವೆರಡಕ್ಕಿಂತ ದಪ್ಪ, ಕೆಳಗಿನ ಸಂಪ್ ಕಡೆಯಿಂದ ಬರುತ್ತದೆ, ಬಿಸಿಯಾದಂತೆ ತಗ್ಗುವ ಬದಲು ಹೆಚ್ಚುತ್ತದೆ. ಅಂಥ ಸದ್ದು ಕೇಳಿದರೆ ಎಂಜಿನ್ ಆರಿಸಿ, ಮ್ಯಾನಿಫೋಲ್ಡಿನ ಮಾತು ಆಮೇಲೆ.

ಒಂದೇ ಒಂದು ಆರ್‌ಪಿಎಂನಲ್ಲಿ ಮಾತ್ರ ಝರ್ ಎಂದು ನಡುಗಿ, ಮೇಲೆ ಕೆಳಗೆ ಹೋದರೆ ನಿಲ್ಲುವುದು ಸಡಿಲವಾದ ಹೀಟ್ ಶೀಲ್ಡಿನ (ಮ್ಯಾನಿಫೋಲ್ಡಿನ ಶಾಖ ತಡೆಯುವ ತಗಡಿನ) ಲಕ್ಷಣ. ಎಂಜಿನ್ ತಣ್ಣಗಿರುವಾಗ ಶೀಲ್ಡನ್ನು ಬೆರಳಿನಿಂದ ತಟ್ಟಿದರೆ ಗಲಗಲ ಎನ್ನುತ್ತದೆ. ಬೋಲ್ಟಿನ ಸುತ್ತ ತಗಡು ತಿಂದು ತೂತು ದೊಡ್ಡದಾಗಿದ್ದರೆ ಅಗಲವಾದ ಸ್ಟೀಲ್ ವಾಷರ್ ಹಾಕಿ ಬಿಗಿಯಿರಿ, ಅಲ್ಲಿಗೆ ಮುಗಿಯಿತು. ಶೀಲ್ಡನ್ನು ಕಿತ್ತೆಸೆಯುವವರೂ ಇದ್ದಾರೆ. ಅದು ತಡೆಯುತ್ತಿದ್ದ ಶಾಖ ವೈರ್, ರಬ್ಬರ್ ಪೈಪ್, ಆಲ್ಟರ್ನೇಟರ್ ಮೇಲೆ ಬಿದ್ದು ಇನ್ನೂ ದುಬಾರಿ ಕೆಲಸ ಹುಟ್ಟುತ್ತದೆ. ಡಬ್ಬಿಯೊಳಗೆ ಕಲ್ಲು ಅಲ್ಲಾಡಿದಂತಿದ್ದರೆ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಒಳಗಿನ ಸೆರಾಮಿಕ್ ಒಡೆದಿರಬಹುದು. ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಗೊತ್ತಾಗುತ್ತದೆ. ಸಡಿಲವಾದ ಸ್ಪಾರ್ಕ್ ಪ್ಲಗ್ ಕೂಡ ಮ್ಯಾನಿಫೋಲ್ಡ್ ಸೋರಿದಂತೆಯೇ ಟಿಕ್ ಎನ್ನುತ್ತದೆ. ಐದು ನಿಮಿಷದ ಕೆಲಸವಾದ್ದರಿಂದ ಮ್ಯಾನಿಫೋಲ್ಡಿಗೆ ಕೈಹಾಕುವ ಮೊದಲೇ ಪ್ಲಗ್‌ಗಳ ಬಿಗಿ ನೋಡಿಬಿಡಿ.

ಇಷ್ಟಾದರೂ ಅನುಮಾನ ಉಳಿದರೆ ಪೆಟ್ರೋಲ್ ಎಂಜಿನ್ನಿನಲ್ಲಿ ಒಂದೊಂದೇ ಸಿಲಿಂಡರನ್ನು ಸುಮ್ಮನಾಗಿಸಿ ನೋಡಬಹುದು. ಎಂಜಿನ್ ಆರಿಸಿ, ಒಂದು ಸಿಲಿಂಡರಿನ ಇಗ್ನಿಷನ್ ಕಾಯಿಲಿನ ಕನೆಕ್ಟರ್ ಬಿಡಿಸಿ, ಸ್ಟಾರ್ಟ್ ಮಾಡಿ ಕೇಳಿ. ಉರಿಯದ ಸಿಲಿಂಡರಿನಲ್ಲಿ ಒತ್ತಡವಿರದು, ಸೋರಿಕೆ ಅದೇ ಸಿಲಿಂಡರಿನದಾದರೆ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ. ಟ್ಯಾಪೆಟ್ ಮತ್ತು ಇಂಜೆಕ್ಟರ್ ಮಾತ್ರ ಹಾಗೆಯೇ ಟಿಕ್ ಎನ್ನುತ್ತಿರುತ್ತವೆ. ಹತ್ತು ಸೆಕೆಂಡಿಗಿಂತ ಹೆಚ್ಚು ಓಡಿಸಬೇಡಿ, ಉರಿಯದ ಪೆಟ್ರೋಲ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ. ದಪ್ಪ ಪ್ಲಗ್ ವೈರ್ ಇರುವ ಹಳೆಯ ಕಾರಿನಲ್ಲಿ ವೈರನ್ನು ಸುಮ್ಮನೆ ಗಾಳಿಯಲ್ಲಿ ಬಿಡದೆ, ತುದಿಗೆ ಒಂದು ಹಳೆಯ ಪ್ಲಗ್ ಸಿಕ್ಕಿಸಿ ಅದರ ಲೋಹದ ಭಾಗ ಎಂಜಿನ್ನಿಗೆ ತಾಗುವಂತೆ ಕಟ್ಟಿಡಿ. ಕಾಮನ್ ರೈಲ್ ಡೀಸೆಲ್‌ನಲ್ಲಿ ಪೈಪಿನ ನಟ್ ಸಡಿಲಿಸಿ ಇಂಥ ಪರೀಕ್ಷೆ ಮಾಡಲೇಬಾರದು. ಅಲ್ಲಿನ ಇಂಧನದ ಒತ್ತಡ ಚರ್ಮವನ್ನು ಸೀಳಿ ಒಳಗೆ ಹೋಗುವಷ್ಟಿರುತ್ತದೆ.

ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇದ್ದರೆ ಅದೂ ಸುಳಿವು ಕೊಡುತ್ತದೆ. ಹೊಗೆಯ ಎರಡು ಬಡಿತಗಳ ನಡುವೆ ಮ್ಯಾನಿಫೋಲ್ಡಿನೊಳಗೆ ಒತ್ತಡ ಇಳಿದು ಸಂದಿನಿಂದ ಹೊರಗಿನ ಗಾಳಿ ಒಳನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಅದನ್ನು ಕಂಡು ಇಂಧನ ಕಡಿಮೆಯಾಗಿದೆ ಎಂದು ತಪ್ಪಾಗಿ ತಿಳಿಸುತ್ತದೆ, ಎಂಜಿನ್ನಿನ ಕಂಪ್ಯೂಟರಾದ ಇಸಿಯು ಬೇಡದ ಪೆಟ್ರೋಲ್ ಸುರಿಯುತ್ತದೆ. ಐಡ್ಲಿಂಗ್‌ನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಇಂಧನವನ್ನು ಎಷ್ಟು ಹೆಚ್ಚುಕಡಿಮೆ ಮಾಡುತ್ತಿದೆ ಎಂಬ ಅಂಕಿ) ಶೇಕಡಾ 10ಕ್ಕಿಂತ ಮೇಲಿದ್ದು, 2500 ಆರ್‌ಪಿಎಂನಲ್ಲಿ ಸರಿಹೋಗುತ್ತಿದ್ದರೆ, ಇಂಧನ ಕಡಿಮೆ ಎನ್ನುವ ಪಿ0171 ಕೋಡ್ ಬರುತ್ತಿದ್ದರೆ ಸೋರಿಕೆ ಸೆನ್ಸರಿನ ಹತ್ತಿರವಿರಬಹುದು. ಎಂಜಿನ್ ಗಾಳಿ ಎಳೆದುಕೊಳ್ಳುವ ಇನ್‌ಟೇಕ್ ಕಡೆ ಗಾಳಿ ಸೋರಿದರೂ ಇದೇ ಲಕ್ಷಣ ಕಾಣುವುದರಿಂದ ಇದೊಂದನ್ನೇ ನಂಬಬೇಡಿ. ಕೋಡ್ ನೋಡಿ ಆಕ್ಸಿಜನ್ ಸೆನ್ಸರ್ ಬದಲಿಸುವುದಂತೂ ದುಡ್ಡು ದಂಡ.

ಸೋರುವ ಜಾಗ ಯಾವುದು

ಮೊದಲು ಕಣ್ಣಿನ ಪರೀಕ್ಷೆ. ಎಂಜಿನ್ ತಣ್ಣಗಿರುವಾಗ ಹೀಟ್ ಶೀಲ್ಡ್ ಬಿಚ್ಚಿ, ಒಳ್ಳೆಯ ಟಾರ್ಚ್ ಮತ್ತು ಹಿಡಿಕೆಯಿರುವ ಪುಟ್ಟ ಕನ್ನಡಿ ಹಿಡಿದು ಫ್ಲ್ಯಾಂಜಿನ ಅಂಚನ್ನು ಪೂರ್ತಿ ನೋಡಿ, ಕೆಳಬದಿಯನ್ನೂ ಸೇರಿಸಿ. ಸೋರುವ ಕಡೆ ಬೀಸಣಿಗೆಯಂತೆ ಹರಡಿದ ಮಸಿಯ ಗುರುತು ಇರುತ್ತದೆ. ನಟ್‌ಗಳನ್ನು ಎಣಿಸಿ: ಸ್ಟಡ್ ಇರಬೇಕಾದಲ್ಲಿ ಬರಿದಾದ ತೂತು ಕಂಡರೆ ಉತ್ತರ ಅಲ್ಲೇ ಇದೆ. ಬಿರುಕು ಹುಡುಕಬೇಕಾದ ಜಾಗಗಳು ಎರಡು ಕೊಳವೆಗಳು ಕೂಡುವ ಕವಲು, ಎಲ್ಲವೂ ಒಂದಾಗುವ ಬುಡ, ಆಕ್ಸಿಜನ್ ಸೆನ್ಸರ್ ಕೂರುವ ಸುತ್ತು. ವೈರ್ ಬ್ರಷ್‌ನಿಂದ ತುಕ್ಕು ಉಜ್ಜದೆ ಕೂದಲೆಳೆಯ ಬಿರುಕು ಕಾಣುವುದಿಲ್ಲ. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೆ ಒಯ್ಯುವ ಇಜಿಆರ್ ಪೈಪ್ ಮ್ಯಾನಿಫೋಲ್ಡಿಗೆ ಸೇರುವ ಜಾಗವನ್ನು ಮರೆಯಬೇಡಿ. ಅಲ್ಲಿನ ಸೋರಿಕೆ ಕಿವಿಗೆ ಥೇಟ್ ಮ್ಯಾನಿಫೋಲ್ಡಿನಂತೆಯೇ ಇರುತ್ತದೆ.

ಆಮೇಲೆ ಕಿವಿಯ ಪರೀಕ್ಷೆ. ಒಂದು ಮೀಟರ್ ಉದ್ದದ, ಸುಮಾರು 12 ಮಿಲಿಮೀಟರ್ ಒಳಅಗಲದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದನ್ನು ಫ್ಲ್ಯಾಂಜಿನ ಉದ್ದಕ್ಕೂ ಎರಡು ಮೂರು ಸೆಂಟಿಮೀಟರ್ ದೂರದಲ್ಲಿ ನಿಧಾನವಾಗಿ ಸರಿಸಿ. ಸೋರುವ ಜಾಗಕ್ಕೆ ಬಂದಾಗ ಸದ್ದು ಕಿವಿಗೆ ರಪ್ಪನೆ ಬಡಿಯುತ್ತದೆ. ಸ್ಟೆತಸ್ಕೋಪ್ ಇದ್ದರೆ ಅದರ ಲೋಹದ ಕಡ್ಡಿ ಕಳಚಿ ಬರೀ ಕೊಳವೆ ಬಳಸಿ, ಕಡ್ಡಿ ಲೋಹದ ಕಂಪನ ಹೇಳುತ್ತದೆಯೇ ಹೊರತು ಗಾಳಿಯ ಸದ್ದನ್ನಲ್ಲ. ಸದ್ದು ಸಣ್ಣದಾದರೆ ಮತ್ತೊಬ್ಬರು ದಪ್ಪ ಬಟ್ಟೆಯಿಂದ ಸೈಲೆನ್ಸರ್ ಬಾಯನ್ನು ಐದಾರು ಸೆಕೆಂಡ್ ಅರ್ಧ ಮುಚ್ಚಲಿ, ಒಳಗಿನ ಒತ್ತಡ ಏರಿ ಸೋರಿಕೆ ಬಾಯಿಬಿಡುತ್ತದೆ. ಕೈ, ಪೈಪು, ಸಡಿಲ ಬಟ್ಟೆ, ಕೂದಲು ಇವು ಬೆಲ್ಟ್ ಮತ್ತು ಫ್ಯಾನಿನಿಂದ ದೂರವಿರಲಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಾನಾಗಿ ತಿರುಗಬಹುದು.

ಖಚಿತವಾದದ್ದು ಸೋಪುನೀರಿನ ಪರೀಕ್ಷೆ. ಎಂಜಿನ್ ಆರಿಸಿ, ಪೂರ್ತಿ ತಣ್ಣಗಿರಬೇಕು. ಗಾಳಿ ಊದುವ ಬಾಯಿ ಇರುವ ವ್ಯಾಕ್ಯೂಮ್ ಕ್ಲೀನರಿನ ಪೈಪನ್ನು ಸೈಲೆನ್ಸರ್ ಬಾಯಿಗೆ ಹಿಡಿದು ಸುತ್ತ ಬಟ್ಟೆ ಸುತ್ತಿ. ಒಂದು ಲೀಟರ್ ನೀರಿಗೆ ಎರಡು ಚಮಚ ಪಾತ್ರೆ ತೊಳೆಯುವ ದ್ರವ ಬೆರೆಸಿ ಸ್ಪ್ರೇ ಬಾಟಲಿಯಿಂದ ಫ್ಲ್ಯಾಂಜ್, ಕವಲು, ಡೌನ್‌ಪೈಪ್ ಜೋಡಣೆ ಎಲ್ಲಕ್ಕೂ ಸಿಂಪಡಿಸಿ. ಸೋರುವಲ್ಲಿ ನೊರೆ ಉಕ್ಕುತ್ತದೆ. ಈ ಪರೀಕ್ಷೆಗೆ ಬಿಸಿ ಮ್ಯಾನಿಫೋಲ್ಡ್ ಸಲ್ಲದು: ನೀರು ಬಿದ್ದ ಬೀಡು ಕಬ್ಬಿಣ ಅಲ್ಲೇ ಬಿರಿಯಬಹುದು. ಬಿಸಿ ಮ್ಯಾನಿಫೋಲ್ಡಿನ ಮೇಲೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಸಿಂಪಡಿಸುವುದು ಇನ್ನೂ ಕೆಟ್ಟದ್ದು, ಕಾದಾಗ ಅದರಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಬಿಚ್ಚುವ ಮೊದಲು

ಗ್ಯಾಸ್ಕೆಟ್ ಜೊತೆಗೆ ಹೊಸ ಸ್ಟಡ್ ಮತ್ತು ನಟ್‌ಗಳ ಪೂರ್ತಿ ಸೆಟ್, ಡೌನ್‌ಪೈಪಿನ ಉಂಗುರ ಗ್ಯಾಸ್ಕೆಟ್, ಅದರ ಸ್ಪ್ರಿಂಗ್ ಬೋಲ್ಟ್‌ಗಳನ್ನು ಮೊದಲೇ ತಂದಿಟ್ಟುಕೊಳ್ಳಿ. ಸ್ಟಡ್ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನು ಹಾಕುವ ಅಭ್ಯಾಸ ಒಳ್ಳೆಯದಲ್ಲ. 8.8 ಎಂದು ಗುರುತಿರುವ ಸಾಮಾನ್ಯ ಬೋಲ್ಟಿನ ಬಲ 300 ಡಿಗ್ರಿ ದಾಟಿದ ಮೇಲೆ ಇಳಿಯತೊಡಗುತ್ತದೆ. ಸಾದಾ ಸ್ಟೇನ್‌ಲೆಸ್ ಸ್ಟಡ್ ತುಕ್ಕು ಹಿಡಿಯದಿದ್ದರೂ ಮೆತ್ತಗಿರುತ್ತದೆ, ಥ್ರೆಡ್ ಒಂದಕ್ಕೊಂದು ಕಚ್ಚಿಕೊಂಡು ಬಿಡಿಸಲು ಬಾರದಂತಾಗುತ್ತದೆ. ಕಾರು ತಯಾರಕರು ಸೂಚಿಸಿದ ಶಾಖ ತಾಳುವ ಉಕ್ಕಿನವೇ ಆಗಲಿ. ನಟ್ ತಾಮ್ರದ ಲೇಪದ್ದೋ ಬಾಯಿ ಹಿಸುಕಿದ ಲಾಕ್ ನಟ್ಟೋ ಆಗಿರಬೇಕು. ನೈಲಾನ್ ಲಾಕ್ ನಟ್ ಮೊದಲ ದಿನವೇ ಕರಗುತ್ತದೆ.

ಉಪಕರಣಗಳಲ್ಲಿ ಮುಖ್ಯವಾದವು ಆರು ಮೂಲೆಯ ಸಾಕೆಟ್‌ಗಳು (ಹನ್ನೆರಡು ಮೂಲೆಯದು ತುಕ್ಕು ಹಿಡಿದ ನಟ್ಟಿನ ಅಂಚನ್ನು ಸವೆಸಿಬಿಡುತ್ತದೆ), ಉದ್ದನೆಯ ಎಕ್ಸ್‌ಟೆನ್ಷನ್, ಸಣ್ಣ ಅಳತೆಗೂ ಸಲ್ಲುವ ಟಾರ್ಕ್ ರೆಂಚ್ (ಬಿಗಿಯುವ ಬಲ ಅಳೆಯುವ ಸ್ಪಾನರ್), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿಗಳು), ನೇರವಾದ ಉಕ್ಕಿನ ಪಟ್ಟಿ, ಆಕ್ಸಿಜನ್ ಸೆನ್ಸರಿಗೆ ಸೀಳಿರುವ 22 ಮಿಲಿಮೀಟರ್ ಸಾಕೆಟ್.

ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ದಿನವೇ ಶುರು ಮಾಡಿ. ತಣ್ಣಗಿರುವ ಪ್ರತಿ ಸ್ಟಡ್ಡಿನ ಥ್ರೆಡ್ಡನ್ನು ಬ್ರಷ್‌ನಿಂದ ಉಜ್ಜಿ ಎಣ್ಣೆ ಬಿಡಿ. ಕೆಲವು ಗಂಟೆಗಳ ಅಂತರದಲ್ಲಿ ಮೂರು ನಾಲ್ಕು ಸಲ ಹೀಗೆ ಮಾಡಿ, ಪ್ರತಿ ಸಲ ನಟ್ಟಿನ ತಲೆಯನ್ನು ಸುತ್ತಿಗೆಯಿಂದ ಹಗುರವಾಗಿ ತಟ್ಟಿದರೆ ಎಣ್ಣೆ ಥ್ರೆಡ್ಡಿನೊಳಗೆ ಇಳಿಯುತ್ತದೆ. ಬಿಚ್ಚುವ ದಿನದ ಐದು ನಿಮಿಷದ ಎಣ್ಣೆ ಹೆಚ್ಚು ಉಪಯೋಗಕ್ಕೆ ಬಾರದು. ಈ ಇಡೀ ಕೆಲಸದಲ್ಲಿ ಸ್ಟಡ್ ಉಳಿಸುವುದು ಇಂಥ ಕಾಯುವಿಕೆಯೇ ಹೊರತು ಉದ್ದನೆಯ ಹಿಡಿಕೆಯಲ್ಲ.

ನಟ್ ಸಡಿಲಿಸುವುದು

ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಆಕ್ಸಿಜನ್ ಸೆನ್ಸರಿನ ಕನೆಕ್ಟರ್ ಬಿಡಿಸಿ, ಸೆನ್ಸರ್ ಸುಲಭವಾಗಿ ಬಂದರೆ ತೆಗೆದಿಡಿ, ಹಟ ಹಿಡಿದರೆ ಮ್ಯಾನಿಫೋಲ್ಡಿನ ಜೊತೆಗೇ ಬರಲಿ. ಕೆಳಗಿನ ಡೌನ್‌ಪೈಪ್ ನಟ್, ಆಧಾರದ ಬ್ರಾಕೆಟ್ ಬಿಚ್ಚಿ. ಕಾರಿನ ಕೆಳಗೆ ಹೋಗಬೇಕಾದರೆ ಜಾಕ್ ಒಂದನ್ನೇ ನಂಬದೆ ಗಟ್ಟಿ ನೆಲದ ಮೇಲೆ ಆಕ್ಸಲ್ ಸ್ಟ್ಯಾಂಡ್ ಕೊಡಿ.

ಮ್ಯಾನಿಫೋಲ್ಡಿನ ನಟ್‌ಗಳನ್ನು ತುದಿಯಿಂದ ನಡುವಿನ ಕಡೆಗೆ, ಒಂದು ಸಲಕ್ಕೆ ಅರ್ಧ ಸುತ್ತಿನಂತೆ ಸಡಿಲಿಸಿ. ಒಂದು ಬದಿಯದನ್ನೆಲ್ಲ ಮೊದಲೇ ತೆಗೆದರೆ ಉಳಿದ ಸ್ಟಡ್‌ಗಳ ಮೇಲೆ ಬಾಗಿದ ಫ್ಲ್ಯಾಂಜಿನ ಎಳೆತ ಪೂರ್ತಿ ಬೀಳುತ್ತದೆ. ಬಿಗಿಯಾಗಿರುವ ನಟ್ಟನ್ನು ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ಆಮೇಲೆ ಬಿಚ್ಚಿ. ಎಂಟನೇ ಒಂದು ಸುತ್ತು ಬಂದರೆ ಹಿಂದಕ್ಕೆ, ಎಣ್ಣೆ, ಮತ್ತೆ ಮುಂದಕ್ಕೆ. ಕೈಗೆ ರಬ್ಬರ್ ತಿರುಚಿದಂತೆ ಮೆತ್ತಗೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ: ತಿರುಗುತ್ತಿರುವುದು ನಟ್ಟಲ್ಲ, ಸ್ಟಡ್ ತಿರುಚಿಕೊಳ್ಳುತ್ತಿದೆ.

ಆಗ ಬೇಕಾದದ್ದು ಶಾಖ. ಇಂಡಕ್ಷನ್ ಹೀಟರ್ ಎಲ್ಲಕ್ಕಿಂತ ಸುರಕ್ಷಿತ, ಇಲ್ಲವಾದರೆ ಪ್ರೊಪೇನ್ ಟಾರ್ಚ್. ಮೊದಲು ಸುರಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಇಂಧನದ ಪೈಪ್‌ಗಳು ಹತ್ತಿರವಿದ್ದರೆ ಟಾರ್ಚ್ ಬೇಡವೇ ಬೇಡ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಲ್ಲಿರಲಿ. ಜ್ವಾಲೆ ನಟ್ಟಿಗೆ ಮಾತ್ರ ತಾಗಬೇಕು. ಹೆಡ್ಡಿನ ಅಲ್ಯೂಮಿನಿಯಂ ಮಿಶ್ರಲೋಹ 660 ಡಿಗ್ರಿಗೂ ಮೊದಲೇ ಕರಗುತ್ತದೆ, ಕರಗುವ ಮುನ್ನ ಕೆಂಪಾಗಿ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಟ್ ಬಿಸಿಯಾಗಿ ಹಿಗ್ಗಿದಾಗ ಥ್ರೆಡ್ಡಿನ ತುದಿಗೆ ಮೇಣದ ತುಂಡು ತಾಗಿಸಿದರೆ ಕರಗಿ ಒಳಗೆ ಹರಿಯುತ್ತದೆ. ಒಂದು ನಿಮಿಷ ಬಿಟ್ಟು ಹಿಂದೆ ಮುಂದೆ ಆಡಿಸಿ. ಮೂಲೆ ಸವೆದ ನಟ್ಟಿಗೆ ನಟ್ ಸೀಳುವ ಉಪಕರಣ ಬಳಸಿ ಬದಿಯಿಂದ ಒಡೆಯುವುದು ಲೇಸು. ನಟ್ ಹೋದರೆ ಹೋಗಲಿ, ಸ್ಟಡ್ ಉಳಿಯಲಿ.

ಸ್ಟಡ್ ತುಂಡಾದರೆ

ಎಷ್ಟೇ ಜಾಗ್ರತೆ ಮಾಡಿದರೂ ಹಳೆಯ ಎಂಜಿನ್ನಿನಲ್ಲಿ ಒಂದೆರಡು ಮುರಿಯುವುದುಂಟು. ಗಾಬರಿ ಬೇಡ, ಆದರೆ ಇಲ್ಲಿ ಆತುರಪಟ್ಟರೆ ಹೆಡ್ಡಿಗೇ ಏಟು.

ಹತ್ತು ಮಿಲಿಮೀಟರಿನಷ್ಟು ಹೊರಗೆ ಉಳಿದಿದ್ದು ಥ್ರೆಡ್ ಚೆನ್ನಾಗಿದ್ದರೆ ಎರಡು ನಟ್ ಹಾಕಿ ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪಾನರ್ ಕೊಟ್ಟು ತಿರುಗಿಸಿ. ಮೇಲ್ಮೈಗೆ ಸಮನಾಗಿ ಅಥವಾ ತುಸುವೇ ಹೊರಗೆ ಮುರಿದಿದ್ದರೆ ವೆಲ್ಡಿಂಗ್ ಉತ್ತಮ. ಸ್ಟಡ್ಡಿನ ಮೇಲೆ ಒಂದು ವಾಷರ್ ಇಟ್ಟು ಅದರ ತೂತಿನೊಳಗೆ ಸ್ಟಡ್ಡಿಗೆ ವೆಲ್ಡ್ ಮಾಡಿ, ಆ ವಾಷರಿನ ಮೇಲೆ ನಟ್ ವೆಲ್ಡ್ ಮಾಡಿ. ಸತು ಲೇಪವಿಲ್ಲದ ನಟ್ಟೇ ಆಗಬೇಕು, ಸತುವಿನ ಹೊಗೆ ಆರೋಗ್ಯಕ್ಕೆ ಕೆಟ್ಟದ್ದು, ವೆಲ್ಡೂ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಹೆಡ್ಡಿಗೆ ಉಕ್ಕಿನ ವೆಲ್ಡ್ ಅಂಟಿಕೊಳ್ಳುವುದಿಲ್ಲವಾದ್ದರಿಂದ ಈ ಉಪಾಯಕ್ಕೆ ಹೆಚ್ಚು ಹೆದರಬೇಕಿಲ್ಲ. ವೆಲ್ಡಿನ ಶಾಖವೇ ಸ್ಟಡ್ಡಿನ ಹಿಡಿತ ಸಡಿಲಿಸುತ್ತದೆ. ಕೆಂಪು ಆರಿ, ಇನ್ನೂ ಬಿಸಿಯಿರುವಾಗ ಸ್ಪಾನರ್ ಹಾಕಿ ಹಿಂದೆ ಮುಂದೆ ಆಡಿಸಿ. ಮೊದಲ ನಟ್ ಕಿತ್ತುಬಂದರೆ ಇನ್ನೊಂದು ಹಾಕಿ, ಮೂರನೆಯದಕ್ಕೆ ಬರುವುದು ಸಾಮಾನ್ಯ. ವೆಲ್ಡ್ ಮಾಡುವಾಗ ಬ್ಯಾಟರಿ ಕಳಚಿರಬೇಕು, ಇಸಿಯು ಕನೆಕ್ಟರ್ ಬಿಡಿಸಿರಬೇಕು, ಅರ್ತ್ ಕ್ಲಾಂಪ್ ಕೆಲಸದ ಜಾಗಕ್ಕೆ ಹತ್ತಿರವಿರಬೇಕು.

ಒಳಗೆ ಆಳದಲ್ಲಿ ಮುರಿದಿದ್ದರೆ ಡ್ರಿಲ್ ಮಾಡಬೇಕು. ಇಲ್ಲಿ ಕೆಡುವುದು ಯಾವಾಗಲೂ ನಡು ತಪ್ಪುವುದರಿಂದ. ಉಕ್ಕು ಗಟ್ಟಿ, ಅಲ್ಯೂಮಿನಿಯಂ ಮೆತ್ತಗೆ, ಬಿಟ್ ಸದಾ ಮೆತ್ತನೆಯ ಕಡೆಗೇ ಜಾರುತ್ತದೆ. ಮುರಿದ ಮುಖವನ್ನು ಸಮ ಮಾಡಿ, ಸರಿಯಾದ ನಡುವಿಗೆ ಪಂಚ್ ಹೊಡೆದು, ಮ್ಯಾನಿಫೋಲ್ಡಿನ ತೂತಿನಲ್ಲಿ ಬಿಗಿಯಾಗಿ ಕೂರುವ ಬುಷ್ ಒಂದನ್ನು ಲೇತಿನಲ್ಲಿ ಮಾಡಿಸಿಕೊಂಡು ಅದರೊಳಗಿಂದ ಕೊರೆಯಿರಿ. ಎಂ8 (8 ಮಿಲಿಮೀಟರ್ ದಪ್ಪದ) ಸ್ಟಡ್ಡಿಗೆ ಮೊದಲು 3, ಆಮೇಲೆ 5, ಕೊನೆಗೆ 6.5 ಮಿಲಿಮೀಟರ್. ಎಡಕ್ಕೆ ತಿರುಗುವ ಬಿಟ್ ಸಿಕ್ಕರೆ ಕೊರೆಯುತ್ತಿರುವಾಗಲೇ ಸ್ಟಡ್ ಕಳಚಿ ಬರುವುದೂ ಉಂಟು. 6.5ಕ್ಕೆ ಬಂದಾಗ ಉಳಿಯುವುದು ತೆಳು ಸುರುಳಿ ಮಾತ್ರ, ಅದನ್ನು ಚೂಪು ಮೊನೆಯಿಂದ ಕೆದಕಿ ತೆಗೆದು ಥ್ರೆಡ್ ಕೊರೆಯುವ ಎಂ8 1.25 ಟ್ಯಾಪ್ ಹಾಯಿಸಿ. ತಿರುಚಿ ತೆಗೆಯುವ ಸ್ಕ್ರೂ ಎಕ್ಸ್‌ಟ್ರಾಕ್ಟರನ್ನು ತುಕ್ಕು ಹಿಡಿದ ಸ್ಟಡ್ಡಿಗೆ ಬಳಸದಿರುವುದೇ ಒಳ್ಳೆಯದು. ಅದು ಒಳಗೆ ಮುರಿದರೆ ಸಾಮಾನ್ಯ ಡ್ರಿಲ್ ಬಿಟ್ ಅದನ್ನು ಕೊರೆಯಲಾರದು.

ಹಳೆಯ ಥ್ರೆಡ್ ಹಾಳಾಗಿದ್ದರೆ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಆಗುವ ತಂತಿಯ ಸುರುಳಿ ಹಾಕಿ. ಎಂ8 1.25ಕ್ಕೆ 8.3 ಮಿಲಿಮೀಟರ್ ಕೊರೆದು, ಕಿಟ್ಟಿನ ಜೊತೆಗೆ ಬರುವ ಟ್ಯಾಪ್ ಹಾಯಿಸಿ, ಸುರುಳಿಯನ್ನು ಮೇಲ್ಮೈಯಿಂದ ಅರ್ಧ ಸುತ್ತಿನಷ್ಟು ಕೆಳಗೆ ಇಳಿಸಿ. ಅಲ್ಯೂಮಿನಿಯಂನಲ್ಲಿ ಇದು ಮೂಲ ಥ್ರೆಡ್ಡಿಗಿಂತ ಗಟ್ಟಿ. ಕೆಲವು ಎಂಜಿನ್‌ಗಳಲ್ಲಿ ಸ್ಟಡ್ ತೂತು ಕೂಲಂಟ್ ದಾರಿಯವರೆಗೂ ಹೋಗಿರುತ್ತದೆ. ಸ್ಟಡ್ ಬಿಚ್ಚಿದಾಗ ನೀರು ಜಿನುಗಿದರೆ ಹೊಸ ಸ್ಟಡ್ಡಿನ ಥ್ರೆಡ್ಡಿಗೆ ಸೀಲಂಟ್ ಹಚ್ಚಲೇಬೇಕು.

ಮೇಲ್ಮೈ ನೇರವಿದೆಯೇ

ಪೋರ್ಟ್‌ಗಳಿಗೆ ಬಟ್ಟೆ ತುರುಕಿ, ಹಳೆಯ ಗ್ಯಾಸ್ಕೆಟ್ಟನ್ನು ಅಲ್ಯೂಮಿನಿಯಂ ಹೆಡ್ಡಿನಿಂದ ಪ್ಲಾಸ್ಟಿಕ್ ಅಥವಾ ಹಿತ್ತಾಳೆ ಪಟ್ಟಿಯಿಂದ ಕೆರೆದು ತೆಗೆಯಿರಿ. ಡ್ರಿಲ್ಲಿಗೆ ಹಾಕುವ ಉಜ್ಜುವ ಡಿಸ್ಕ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಹೆಡ್ಡಿನಲ್ಲಿ ಕುಳಿ ತೋಡುತ್ತದೆ, ಅದರ ಗಟ್ಟಿ ಪುಡಿ ವಾಲ್ವ್ ದಾರಿಯಲ್ಲಿ ಎಂಜಿನ್ನಿನೊಳಗೆ ಸೇರುತ್ತದೆ.

ನೇರ ಉಕ್ಕಿನ ಪಟ್ಟಿಯನ್ನು ಮ್ಯಾನಿಫೋಲ್ಡಿನ ಎಲ್ಲ ಫ್ಲ್ಯಾಂಜ್‌ಗಳ ಮೇಲೂ ಒಟ್ಟಿಗೆ ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಅಡ್ಡವಾಗಿ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿ. ಸಾಮಾನ್ಯವಾಗಿ ಎರಡು ತುದಿಗಳು ಮೇಲೆದ್ದು ಬಾಗಿರುತ್ತವೆ. ನಿಮ್ಮ ಎಂಜಿನ್ನಿನ ಸರ್ವಿಸ್ ಕೈಪಿಡಿಯ ಮಿತಿಯೇ ಅಂತಿಮ. ಅದು ಸಿಗದಿದ್ದರೆ 0.2 ಮಿಲಿಮೀಟರಿನ ಗೇಜ್ ಎಲ್ಲಾದರೂ ತೂರಿದರೆ ಮಶೀನಿಂಗ್‌ಗೆ ಕಳಿಸುವುದು ಕ್ಷೇಮ. ಹೆಡ್ಡಿನ ಮುಖವನ್ನೂ ಹೀಗೆಯೇ ನೋಡಿ. ಅಲ್ಲಿ 0.1 ಮಿಲಿಮೀಟರ್ ದಾಟಿದರೆ ಅನುಮಾನಿಸಿ. ನಟ್ ಬಿಗಿದರೆ ಬಾಗಿದ್ದು ನೇರವಾಗುತ್ತದೆ ಎಂದು ಬೀಡು ಕಬ್ಬಿಣವನ್ನು ಎಳೆದು ಕೂರಿಸಬೇಡಿ. ಮೊದಲ ಬಿಸಿಯಲ್ಲೇ ಅದು ಬಿರಿಯುತ್ತದೆ ಅಥವಾ ಹೊಸ ಸ್ಟಡ್ಡನ್ನು ಕೀಳುತ್ತದೆ. ಮಶೀನಿಂಗ್ ಆಗಿ ಬಂದ ಮೇಲೆ ಗ್ಯಾಸ್ಕೆಟ್ ಇಲ್ಲದೆ ಒಮ್ಮೆ ಸ್ಟಡ್‌ಗಳ ಮೇಲೆ ಕೂರಿಸಿ ನೋಡಿ. ತುದಿಯ ತೂತಿನ ಅಂಚು ಸ್ಟಡ್ಡಿಗೆ ತಾಗುತ್ತಿದ್ದರೆ ಉದ್ದದ ದಿಕ್ಕಿಗೆ ಫೈಲ್ ಮಾಡಿ ಜಾಗ ಕೊಡಿ.

ಬಿರುಕು ಸಿಕ್ಕರೆ ಹೊಸ ಅಥವಾ ಒಳ್ಳೆಯ ಸ್ಥಿತಿಯ ಬಳಸಿದ ಮ್ಯಾನಿಫೋಲ್ಡ್ ಹುಡುಕುವುದೇ ಸರಿ. ಬಿಡಿಭಾಗ ಸಿಗದ ಬಹಳ ಹಳೆಯ ಕಾರಿಗೆ ಮಾತ್ರ ವೆಲ್ಡಿಂಗ್. ಬಿರುಕಿನ ಎರಡೂ ತುದಿಗೆ 3 ಮಿಲಿಮೀಟರ್ ತೂತು ಕೊರೆದು ಅದು ಮುಂದುವರಿಯದಂತೆ ತಡೆದು, ವಿ ಆಕಾರದಲ್ಲಿ ತೋಡಿ, ಇಡೀ ಭಾಗವನ್ನು ಸುಮಾರು 300 ಡಿಗ್ರಿಗೆ ಕಾಯಿಸಿ, ನಿಕಲ್ ರಾಡಿನಿಂದ 25 ಮಿಲಿಮೀಟರಿನಷ್ಟು ಗಿಡ್ಡ ವೆಲ್ಡ್ ಹಾಕುತ್ತಾ, ಪ್ರತಿಯೊಂದನ್ನೂ ಬಿಸಿಯಿರುವಾಗಲೇ ಸುತ್ತಿಗೆಯಿಂದ ತಟ್ಟಬೇಕು. ಮುಗಿದ ಮೇಲೆ ಒಣ ಮರಳಲ್ಲಿ ಹೂತು ನಿಧಾನ ತಣಿಸಬೇಕು. ಕೈ ಪಳಗಿದವರು ಮಾಡಿದರೂ ಪಕ್ಕದಲ್ಲೇ ಮತ್ತೆ ಬಿರಿಯುವ ಸಾಧ್ಯತೆ ಇದ್ದೇ ಇರುತ್ತದೆ. ಎಕ್ಸಾಸ್ಟ್ ಪುಟ್ಟಿ ಊರು ಸೇರಿಸುವ ಮಟ್ಟಿಗೆ ಸರಿ. ಸಿಲಿಕಾನ್ ಸೀಲಂಟ್ ತಾಳುವುದು ಸುಮಾರು 300 ಡಿಗ್ರಿಯವರೆಗೆ, ಮ್ಯಾನಿಫೋಲ್ಡಿನಲ್ಲಿ ಅದು ಸುಟ್ಟು ಉದುರುತ್ತದೆ, ಅದರ ಆವಿ ಆಕ್ಸಿಜನ್ ಸೆನ್ಸರನ್ನೂ ಕೆಡಿಸುತ್ತದೆ.

ಮತ್ತೆ ಜೋಡಿಸುವುದು

ಸ್ಟಡ್‌ಗಳನ್ನು ಹೆಡ್ಡಿಗೆ ತಿರುಗಿಸಿ ಕೂರಿಸಿ, ಬಲ ಹಾಕಿ ಬಿಗಿಯಬೇಕಿಲ್ಲ. ಗ್ಯಾಸ್ಕೆಟ್ ಒಣಗಿರಬೇಕು, ಯಾವ ಅಂಟೂ ಬೇಡ. ಪೋರ್ಟ್‌ಗಳ ಆಕಾರ ಹೊಂದುತ್ತದೆಯೇ, ಯಾವ ಮುಖ ಹೆಡ್ಡಿನ ಕಡೆ ಎಂಬುದನ್ನು ನೋಡಿ. ತಲೆಕೆಳಗಾದರೆ ಅಂಚು ಪೋರ್ಟಿನೊಳಗೆ ಚಾಚಿ ಬೇಗ ಸುಡುತ್ತದೆ. ನಟ್ಟಿನ ಥ್ರೆಡ್ಡಿಗೆ ನಿಕಲ್ ಆಂಟಿಸೀಜ್ (ಥ್ರೆಡ್ ಕಚ್ಚಿಕೊಳ್ಳದಂತೆ ತಡೆಯುವ ಲೇಪ) ತೆಳುವಾಗಿ ಹಚ್ಚುವುದಾದರೆ ಟಾರ್ಕ್ ಸ್ವಲ್ಪ ಇಳಿಸಬೇಕು, ಏಕೆಂದರೆ ಕೈಪಿಡಿಯ ಅಂಕಿ ಸಾಮಾನ್ಯವಾಗಿ ಒಣ ಥ್ರೆಡ್ಡಿನದು. ಜಾರುವ ಥ್ರೆಡ್ಡಿಗೆ ಅಷ್ಟೇ ಟಾರ್ಕ್ ಕೊಟ್ಟರೆ ಸ್ಟಡ್ ಅತಿಯಾಗಿ ಎಳೆಯಲ್ಪಡುತ್ತದೆ.

ಎಲ್ಲ ನಟ್‌ಗಳನ್ನೂ ಕೈಯಲ್ಲಿ ಕೂರಿಸಿದ ಮೇಲೆ ನಡುವಿನಿಂದ ಹೊರಕ್ಕೆ ಮೂರು ಸುತ್ತಿನಲ್ಲಿ ಬಿಗಿಯಿರಿ. ಎಂ8 ಸ್ಟಡ್ಡಿಗೆ ಹೆಚ್ಚಿನ ಎಂಜಿನ್‌ಗಳಲ್ಲಿ 20ರಿಂದ 25 ನ್ಯೂಟನ್ ಮೀಟರ್ ಇರುತ್ತದೆ, ಅಂದರೆ ಮೊದಲು 8, ಆಮೇಲೆ 16, ಕೊನೆಗೆ ಪೂರ್ತಿ. ನಿಮ್ಮ ಎಂಜಿನ್ನಿಗೆ ಕೈಪಿಡಿ ಬೇರೆ ಹೇಳಿದರೆ ಅದನ್ನೇ ಪಾಲಿಸಿ. ಕೊನೆಯಲ್ಲಿ ಅದೇ ಕ್ರಮದಲ್ಲಿ ಇನ್ನೊಮ್ಮೆ ಸುತ್ತಿ ನೋಡಿ. ಗ್ಯಾಸ್ಕೆಟ್ ಅಮುಕಿದಂತೆ ಮೊದಲು ಬಿಗಿದ ನಡುವಿನ ನಟ್‌ಗಳು ತುಸು ಸಡಿಲಾಗಿರುತ್ತವೆ.

ಡೌನ್‌ಪೈಪನ್ನು ಆಮೇಲೆ ಜೋಡಿಸಿ. ಅದು ತಾನಾಗಿ ಎದುರು ಬಂದು ಕೂರಬೇಕು. ಸನ್ನೆ ಹಾಕಿ ಎಳೆಯಬೇಕಾಗಿ ಬಂದರೆ ಎಂಜಿನ್ ಮೌಂಟ್ ಕುಸಿದಿದೆ ಅಥವಾ ಸೈಲೆನ್ಸರಿನ ರಬ್ಬರ್ ತೂಗು ಹರಿದಿದೆ. ಅದನ್ನು ಸರಿಪಡಿಸದೆ ಬಿಗಿದರೆ ಆ ಎಳೆತ ನೇರ ಹೊಸ ಗ್ಯಾಸ್ಕೆಟ್ಟಿಗೆ. ಆಧಾರದ ಬ್ರಾಕೆಟ್ ಕಟ್ಟಕಡೆಗೆ. ಹಳೆಯದು ಕಳೆದುಹೋಗಿದ್ದರೆ ಹುಡುಕಿ ತನ್ನಿ, ಇಲ್ಲವೇ ಅದೇ ಅಳತೆಯಲ್ಲಿ ಮಾಡಿಸಿ. ಸೆನ್ಸರಿನ ಥ್ರೆಡ್ಡಿಗೆ ಮಾತ್ರ ಆಂಟಿಸೀಜ್, ಮೊನೆಗೆ ತಾಗಬಾರದು. ಎಂ18 ಸೆನ್ಸರಿಗೆ ಸಾಮಾನ್ಯವಾಗಿ 40 ನ್ಯೂಟನ್ ಮೀಟರಿನ ಆಸುಪಾಸು.

ಹೀಟ್ ಶೀಲ್ಡ್ ಹಾಕುವ ಮೊದಲೇ ವ್ಯಾಕ್ಯೂಮ್ ಮತ್ತು ಸೋಪುನೀರಿನ ಪರೀಕ್ಷೆ ಮತ್ತೊಮ್ಮೆ ಮಾಡಿ. ನೊರೆ ಬರದಿದ್ದರೆ ಶೀಲ್ಡ್ ಕೂರಿಸಿ, ಬ್ಯಾಟರಿ ಜೋಡಿಸಿ, ಕಾರನ್ನು ಬಯಲಿಗೆ ತಂದು ಸ್ಟಾರ್ಟ್ ಮಾಡಿ. ಚೆಲ್ಲಿದ ಎಣ್ಣೆ ಸುಟ್ಟು ಹದಿನೈದು ನಿಮಿಷ ಹೊಗೆ ವಾಸನೆ ಬರುತ್ತದೆ, ಅದು ಸಹಜ. ಅರ್ಧ ಗಂಟೆ ದಾಟಿದರೂ ನಿಲ್ಲದಿದ್ದರೆ ಆರಿಸಿ, ಆಯಿಲ್ ಅಥವಾ ಕೂಲಂಟ್ ಮ್ಯಾನಿಫೋಲ್ಡಿನ ಮೇಲೆ ಬೀಳುತ್ತಿದೆಯೇ ನೋಡಿ. ಮರುದಿನ ಪೂರ್ತಿ ತಣ್ಣಗಾದ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಮೊದಲ ಅರ್ಧ ನಿಮಿಷ ರಬ್ಬರ್ ಪೈಪ್ ಹಿಡಿದು ಕೇಳಿ. ಬಿಸಿ ಎಂಜಿನ್ನಿನಲ್ಲಿ ಸದ್ದಿಲ್ಲ ಎಂಬುದು ಸಾಕ್ಷಿಯಲ್ಲ. ಹಲವು ಪದರದ ಉಕ್ಕಿನ ಗ್ಯಾಸ್ಕೆಟ್ಟಿಗೆ ಸಾಮಾನ್ಯವಾಗಿ ಮರುಬಿಗಿತ ಬೇಕಿಲ್ಲ. ಗ್ರಾಫೈಟ್ ಬೆರೆತ ಮೆತ್ತನೆಯದಾದರೆ, ಕೈಪಿಡಿ ಬೇಡವೆನ್ನದಿದ್ದರೆ, ನಾಲ್ಕೈದು ಸಲ ಕಾದು ತಣಿದ ಮೇಲೆ ತಣ್ಣಗಿರುವಾಗಲೇ ಒಮ್ಮೆ ಟಾರ್ಕ್ ನೋಡಿ. ಕೋಡ್ ಅಳಿಸಿ ಕೆಲವು ದಿನ ಓಡಿಸಿದ ಮೇಲೂ ಐಡ್ಲಿಂಗ್‌ನ ಫ್ಯೂಯಲ್ ಟ್ರಿಮ್ ಇಳಿಯದಿದ್ದರೆ ಮುಂದೆ ಹುಡುಕಬೇಕಾದದ್ದು ಇನ್‌ಟೇಕ್ ಕಡೆಯ ರಬ್ಬರ್ ಪೈಪ್‌ಗಳಲ್ಲಿ.